ಎಡದ ಪೈಪು, ಬಲದ ಪೈಪು

ಅಪ್ಪ ಹೊಡೆಯುವ ಮೊದಲು ಬೈಯುವುದಿಲ್ಲ. ಬೈಯುವವರಿಂದ ತಪ್ಪಿಸಿಕೊಳ್ಳಬಹುದು, ಮಾತು ಏರುತ್ತ ಹೋದಂತೆ ಮನುಷ್ಯ ಎದ್ದು ಬಾಗಿಲ ಕಡೆ ಸರಿಯಬಹುದು. ಅಪ್ಪ ಸುಮ್ಮನಾಗುತ್ತಾನೆ, ಕೈಯಲ್ಲಿದ್ದ ಕೆಲಸ ಕೆಳಗಿಡುತ್ತಾನೆ, ಅಷ್ಟೆ. ಆ ದಿನ ಕೆಳಗಿಡಲೂ ಇಲ್ಲ. ಪೈಪು ಬಗ್ಗಿಸಲು ತಾನೇ ಮಾಡಿಕೊಂಡಿದ್ದ ಕಬ್ಬಿಣದ ಹಿಡಿಕೆ ಕೈಯಲ್ಲೇ ಇತ್ತು. ಅದರಿಂದಲೇ ತನ್ನ ತಮ್ಮನ ಮುಂಗೈ ಮುರಿದ.

ನಮ್ಮ ಶೆಡ್ಡು ಬೈಲಹೊಂಗಲದಿಂದ ಸಂಪಗಾಂವಕ್ಕೆ ಹೋಗುವ ರಸ್ತೆಯ ಮೇಲಿದೆ. ಅಪ್ಪ ದುಂಡಪ್ಪ ಅಲ್ಲಿ ಕಬ್ಬು ಸಾಗಿಸುವ ಟ್ರೇಲರ್ ಕಟ್ಟುತ್ತಾನೆ, ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಆ ವರ್ಷ ಮಳೆಗಾಲ ಮುಗಿದ ಮೇಲೆ ಅವನು ಕಾರು ಕಟ್ಟಲು ಶುರು ಮಾಡಿದ. ಗುಜರಿಗೆ ಬಂದ ಹಳೆಯ ಮಾರುತಿಯ ಇಂಜಿನ್ನು, ಗೇರು, ಗಾಲಿ, ಬ್ರೇಕು. ಉಳಿದ ಚೌಕಟ್ಟೆಲ್ಲ ಅವನ ಕೈಯದು. ಮೇಲೆ ಛಾವಣಿಯಿಲ್ಲ, ಎರಡೇ ಸೀಟು. ಕ್ಲಚ್ಚಿಗೆ ಪೆಡಲ್ ಇಡಲಿಲ್ಲ, ಗೇರಿನ ಕೋಲಿಗೆ ಮೋಟಾರ್ ಸೈಕಲ್ಲಿನ ಕ್ಲಚ್ ಹಿಡಿಕೆ ಕಟ್ಟಿದ. ನನಗೆ ಎಡಗಾಲು ಮೊಳಕಾಲಿನ ಕೆಳಗೆ ಇಲ್ಲ. ಕಿತ್ತೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ನನ್ನನ್ನು ಕರೆದಿದ್ದರು, ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಗದ್ದ ಒಡೆದುಕೊಂಡು ಬಂದಿದ್ದೆ. ಮಾರನೆಯ ದಿನ ಆ ಮಾರುತಿ ಶೆಡ್ಡಿನೊಳಗೆ ನಿಂತಿತ್ತು. ಯಾರಿಗಾಗಿ ಎಂದು ಅವನು ಹೇಳಲಿಲ್ಲ. ನಾನು ಕೇಳಲಿಲ್ಲ.

ಬ್ರೇಕ್ ಪೈಪಿನ ಕೆಲಸಕ್ಕೆ ಬಂದಾಗ ಅಪ್ಪ ಬೇರೆಯೇ ಮನುಷ್ಯನಾದ. ಮೊದಲು ಮೆತ್ತನೆಯ ತಂತಿಯನ್ನು ಚೌಕಟ್ಟಿನ ಮೈಗೆ ಹಚ್ಚಿ, ಎಲ್ಲಿ ತಿರುಗಬೇಕು ಎಲ್ಲಿ ಏರಬೇಕು ಎಂದು ಬೆರಳಿನಲ್ಲೇ ಬಗ್ಗಿಸಿ ಅಚ್ಚು ತೆಗೆಯುತ್ತಿದ್ದ. ಆ ತಂತಿಯನ್ನು ಬೆಂಚಿನ ಮೇಲಿಟ್ಟುಕೊಂಡು, ಅಂಚಿನಲ್ಲಿ ತೋಡು ಇರುವ ಸಣ್ಣ ಕಬ್ಬಿಣದ ಗಾಲಿಯ ಸುತ್ತ ಉಕ್ಕಿನ ಪೈಪನ್ನು ಹಿಡಿಕೆಯಿಂದ ನಿಧಾನವಾಗಿ ಎಳೆಯುತ್ತಿದ್ದ. ಅವಸರ ಮಾಡಿದರೆ ಪೈಪು ಒಳಗೆ ಮಡಚುತ್ತದೆ. ಮಡಚಿದ್ದನ್ನು ನೆಟ್ಟಗೆ ಮಾಡಿ ಮತ್ತೆ ಬಳಸುವಂತಿಲ್ಲ, ಎಸೆಯಬೇಕು. ತುದಿಗೆ ನಟ್ಟು ತೂರಿಸಿಕೊಂಡು ರಸ್ತೆಯಾಚೆ ಡೀಸೆಲ್ ಪಂಪು ರಿಪೇರಿ ಮಾಡುವ ಮೆಹಬೂಬಸಾಬ ಚಾಚಾನ ಅಂಗಡಿಗೆ ಒಯ್ಯುತ್ತಿದ್ದ. ಚಾಚಾ ತನ್ನ ಯಂತ್ರದಲ್ಲಿ ಆ ತುದಿಯನ್ನು ಹೂವಿನಂತೆ ಅರಳಿಸಿ ಕೊಡುತ್ತಿದ್ದ. ಬಂದ ಮೇಲೆ ಅಪ್ಪ ಪೈಪಿನೊಳಗೆ ಬಾಯಿಂದ ಊದಿ, ಕಿವಿಯ ಹತ್ತಿರ ಹಿಡಿದು, ಕಬ್ಬಿಣದ ಪುಡಿ ಉಳಿದಿದೆಯೋ ಎಂದು ಅಲುಗಾಡಿಸಿ ಕೇಳುತ್ತಿದ್ದ. ನಾನು ಕೆಲಸ ನೋಡುತ್ತ ದಿನಗಟ್ಟಲೆ ಕುಳಿತೆ. ನಮ್ಮಿಬ್ಬರ ನಡುವೆ ಅಷ್ಟು ನೆಮ್ಮದಿಯ ಮೌನ ಹಿಂದೆಂದೂ ಇರಲಿಲ್ಲ.

ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಗಾಲಿಗಳಿಗೆ ನೂಕುವ ಮಾಸ್ಟರ್ ಸಿಲಿಂಡರಿಗೆ ಎರಡು ಬಾಯಿ ಇರುತ್ತವೆ. ಒಂದರ ಪೈಪು ಒಡೆದು ಆಯಿಲ್ ಸೋರಿಹೋದರೂ ಇನ್ನೊಂದು ಹಿಡಿಯಲಿ ಎಂದು ಹಾಗೆ ಮಾಡಿರುತ್ತಾರೆ. ಅಪ್ಪ ಒಂದು ಬಾಯಿಯಿಂದ ಎಡಗಡೆಯ ಎರಡೂ ಗಾಲಿಗೆ, ಇನ್ನೊಂದರಿಂದ ಬಲಗಡೆಯ ಎರಡೂ ಗಾಲಿಗೆ ಪೈಪು ಎಳೆದ. ಚೌಕಟ್ಟಿನ ಎರಡೂ ಬದಿಗೆ ಒಂದೇ ಅಳತೆಯ, ಒಂದೇ ಬಾಗಿನ ಪೈಪುಗಳು. ನೋಡಲು ಚೆಂದವಿತ್ತು.

ಗೌರೀಶ ಕಾಕಾ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರ್ ಡ್ರೈವರ್. ಅವನು ಆ ಮಧ್ಯಾಹ್ನ ಹಳೆಯ ಟೈರಿನ ಮೇಲೆ ಕುಳಿತು, ಅವ್ವ ಕೊಟ್ಟ ಚಹಾ ಬಸಿಗೆ ಸುರಿದುಕೊಂಡು ಕುಡಿಯುತ್ತ ಪೈಪುಗಳನ್ನೇ ನೋಡಿದ.

"ಅಣ್ಣಾ, ಇದೇನ ಎಡಕ್ಕೊಂದು ಬಲಕ್ಕೊಂದು ಮಾಡೀದಿ?"

"ಟ್ರ್ಯಾಕ್ಟರಿಗೆ ಹೆಂಗ ಇರತೈತಿ?" ಅಪ್ಪ ತಲೆ ಎತ್ತಲಿಲ್ಲ.

"ಟ್ರ್ಯಾಕ್ಟರಿಗೆ ಎರಡ ಪೆಡಲ್ ಇರತಾವು. ಹೊಲದಾಗ ತಿರುಗೂಮುಂದ ಒಂದ ತುಳೀತೇವಿ, ಒಂದ ಬಾಜೂ ಹಿಡದು ಗಕ್ಕನ ತಿರಗತೈತಿ. ರೋಡಿಗಿ ಬಂದ ಮ್ಯಾಲ ಎರಡೂ ಸೇರಿಸಿ ಕೊಂಡಿ ಹಾಕತೇವಿ. ಕೊಂಡಿ ಹಾಕೂದ ಮರತಾಂವ ಏನಾದ ಅಂತ ಸುರೇಬಾನದಾಗ ಕೇಳು. ಅವನ ಹೇಂತಿ ಇನ್ನೂ ಅಳಾಕ ಹತ್ತ್ಯಾಳ."

"ಇದಕ್ಕಿರೂದು ಒಂದ ಪೆಡಲ್."

"ಪೆಡಲ್ ಒಂದ, ಖರೇ. ಪೈಪ್ ಒಡದ್ರ? ಎಡದ್ದು ಒಡೀತು ಅಂತ ತಿಳಕೋ. ಬಲಗಡೆ ಗಾಲಿ ಅಷ್ಟ ಹಿಡೀತಾವು, ಎಡಗಡೆವು ಓಡತಾವು. ಗಾಡಿ ಗಿರಕಿ ಹೊಡೀತೈತಿ. ಮುಂದಿನ ಎರಡಕ್ಕ ಒಂದು, ಹಿಂದಿನ ಎರಡಕ್ಕ ಒಂದು ಮಾಡೋ. ಇದನ್ನೆಲ್ಲಾ ಬಿಚ್ಚು."

ಅಪ್ಪ ಸುಮ್ಮನಾದ. ಅವ್ವ ಒಳಬಾಗಿಲಲ್ಲಿ ನಿಂತವಳು ಕಾಕಾನಿಗೆ ಕಣ್ಣು ಮಾಡಿದಳು. ಕಾಕಾ ನೋಡಲಿಲ್ಲ, ಬಸಿಯಲ್ಲಿ ಉಳಿದ ಚಹಾ ನೋಡುತ್ತಿದ್ದ.

"ಬಾಗ ಮಾತ್ರ ಬಾಳ ಛಲೋ ತಗದಿ. ಮದಿವ್ಯಾಗ ಸರಾ ಮಾಡಿ ಹಾಕಬೇಕ ನೋಡು ಯಾರಿಗ್ಯರ," ಎಂದು ನಕ್ಕ. ಆಮೇಲೆ ನನ್ನ ಕಡೆ ತಿರುಗಿ, ನಗು ಇಲ್ಲದೆ ಹೇಳಿದ: "ಕೂಸಿಂದ ಒಂದ ಕಾಲ ಹೋಗೇತಿ. ಇನ್ನೊಂದರ ಇರಲಿ ಬಿಡಪಾ."

ಹಿಡಿಕೆ ಬಂದದ್ದು ಅವನ ತಲೆಗೆ. ಕಾಕಾ ಕೈ ಅಡ್ಡ ಹಿಡಿದ. ಮುಂಗೈಯ ನಡುವೆ ಇನ್ನೊಂದು ಕೀಲು ಇದ್ದಂತೆ ಅದು ಬಾಗಿತು. ಬಸಿ ಒಡೆದು ಚಹಾ ಅವನ ಎದೆಯ ಮೇಲೆ ಹರಿಯಿತು. ಅಪ್ಪ ಇನ್ನೊಮ್ಮೆ ಬೆನ್ನಿಗೆ ಹೊಡೆದ, ಕಾಕಾ ಟೈರಿನಿಂದ ಜಾರಿ ಗ್ರೀಸಿನ ಡಬ್ಬಿಯ ಮೇಲೆ ಬಿದ್ದ. ಮೂರನೆಯದಕ್ಕೆ ಅವ್ವ ಅಪ್ಪನ ಸೊಂಟ ಹಿಡಿದುಕೊಂಡಳು. ಅವಳನ್ನು ಎಳೆದುಕೊಂಡೇ ಅವನು ಮುಂದೆ ಹೋಗಿ ಕಾಲಿನಿಂದ ಒದ್ದ. ಒದ್ದು ಸಾಕಾಯಿತೇನೋ, ತಿರುಗಿ ಬಂದು ಬಗ್ಗಿಸುತ್ತಿದ್ದ ಪೈಪನ್ನು ಮತ್ತೆ ಬೆಂಚಿನ ಗಾಲಿಗೆ ಹಚ್ಚಿದ. ಆ ಬಾಗೂ ಸರಿಯಾಗಿಯೇ ಬಂತು.

ಅವ್ವ ತಂದ ಪಟ್ಟಿ ಬಟ್ಟೆಯಿಂದ ಕಾಕಾನ ಕೈ ಕಟ್ಟಿದ ಮೇಲೆ ಮೆಹಬೂಬಸಾಬ ಚಾಚಾ ಅವನನ್ನು ತನ್ನ ಗಾಡಿಯ ಹಿಂದೆ ಕೂರಿಸಿಕೊಂಡು ದವಾಖಾನೆಗೆ ಹೊರಟ. ಬಿದ್ದೆ ಎಂದು ಹೇಳುವುದು ನಮ್ಮಲ್ಲಿ ರೂಢಿ. ಅಪ್ಪನ ಕೈಗೆ ಸಿಕ್ಕವರೆಲ್ಲ ಬಿದ್ದವರೇ. ಕಾಕಾ ಗಾಡಿ ಹತ್ತುವ ಮೊದಲು ನನ್ನನ್ನು ಕರೆದ. ಮುಖ ಬೂದಿಯಾಗಿತ್ತು.

"ಗಂಗವ್ವ, ಅದರಾಗ ಕುಂದರಬ್ಯಾಡ. ಹೆಂಗರ ಮಾಡಿ ಆ ಪೈಪ್ ತಗಸು."

ಹೇಗೆ ಎಂದು ಅವನು ಹೇಳಲಿಲ್ಲ. ತೆಗೆಸದೆ ಅದರಲ್ಲಿ ಕೂರುವಂತಿಲ್ಲ, ತೆಗೆ ಎಂದವರ ಮೂಳೆ ಉಳಿಯುವುದಿಲ್ಲ.

ನನ್ನ ಮೂಳೆಯ ಮಾತು ಬೇರೆ. ಅಪ್ಪ ನನ್ನನ್ನು ಹೊಡೆಯುವುದಿಲ್ಲ. ಸಣ್ಣವಳಿದ್ದಾಗ ಹೊಡೆಯುತ್ತಿದ್ದ, ಕಾಲೇಜಿಗೆ ಹೋಗುವಾಗಲೂ ಹೊಡೆದಿದ್ದ. ಕಾಲು ಹೋದ ಮೇಲೆ ಬಿಟ್ಟ. ಅದು ಹೋದದ್ದು ಕೆಲವು ವರ್ಷಗಳ ಹಿಂದೆ, ಕಬ್ಬಿನ ಹಂಗಾಮಿನಲ್ಲಿ. ಇದೇ ಸಂಪಗಾಂವ ರಸ್ತೆಯಲ್ಲಿ ನಾನು ಸ್ಕೂಟಿಯ ಮೇಲೆ ಬರುತ್ತಿದ್ದೆ. ಎದುರಿಗೆ ಜೋಡಿ ಟ್ರೇಲರ್ ಎಳೆಯುತ್ತಿದ್ದ ಟ್ರ್ಯಾಕ್ಟರ್ ಎಮ್ಮೆ ಅಡ್ಡ ಬಂತೆಂದು ಬ್ರೇಕು ಹಾಕಿತು. ಟ್ರ್ಯಾಕ್ಟರ್ ನಿಂತಿತು. ಟ್ರೇಲರುಗಳಿಗೆ ಬ್ರೇಕು ಇರುವುದಿಲ್ಲ, ನಮ್ಮ ಕಡೆ ಯಾರೂ ಇಡಿಸುವುದೂ ಇಲ್ಲ. ಹಿಂದಿನದು ಓರೆಯಾಗಿ ನನ್ನ ಕಡೆ ಬೀಸಿ ಬಂದು ಮಗುಚಿತು. ಕಬ್ಬಿನ ಕೆಳಗೆ ಉಸಿರು ಕಟ್ಟಿ ಬಿದ್ದಿದ್ದಾಗ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಅದರ ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ ಬರೆದ ನಮ್ಮ ಶೆಡ್ಡಿನ ಹೆಸರು.

ಪೊಲೀಸರು ಬಿಟ್ಟುಕೊಟ್ಟ ಮೇಲೆ ಅಪ್ಪ ಆ ಟ್ರೇಲರನ್ನು ಶೆಡ್ಡಿಗೆ ಎಳೆದು ತಂದು ಗ್ಯಾಸ್ ಕಟರಿನಿಂದ ಚೂರು ಚೂರು ಮಾಡಿದ. ಕೇಳಲು ಬಂದ ಮಾಲಕನ ಮುಂದಿನ ಹಲ್ಲು ಉದುರಿಸಿದ. ಆದರೆ ಅದರ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡಲಿಲ್ಲ. ನಾವೂ ಆಡಲಿಲ್ಲ. ಹಾಗೆ ಆಡದೆ ಉಳಿದ ಮಾತು ನಮ್ಮ ಮನೆಯಲ್ಲಿ ಒಬ್ಬ ಮನುಷ್ಯನಂತೆ ಇತ್ತು. ಊಟಕ್ಕೆ ಕೂತಾಗ ಅದಕ್ಕೂ ಜಾಗ ಬಿಟ್ಟು ಕೂರುತ್ತಿದ್ದೆವು.

ಪೈಪು ಜೋಡಿಸುವುದು ಮುಗಿದು ಬ್ರೇಕ್ ಆಯಿಲ್ ತುಂಬಿಸಿದ ದಿನ ಅಪ್ಪ ನನ್ನನ್ನು ಕರೆದ. ಪೈಪಿನೊಳಗಿನ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಬಳಿ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಪಾನಾದಿಂದ ಸಡಿಲಿಸಿ ಗಾಳಿ ಬಿಡಬೇಕು. ನಾನು ಸೀಟಿನಲ್ಲಿ ಕುಳಿತೆ. ಅಪ್ಪ ಕೆಳಗೆ ಮಲಗಿದ, ಅವನ ಕಾಲುಗಳಷ್ಟೇ ಕಾಣುತ್ತಿದ್ದವು.

"ಒತ್ತು."

ಒತ್ತಿದೆ.

"ಹಿಡಿ."

ಹಿಡಿದೆ. ಕೆಳಗೆ ಬುಸ್ ಎಂದು ಗಾಳಿ ಹೋಯಿತು, ಪೆಡಲ್ ಪಾದದ ಕೆಳಗೆ ಕುಸಿಯಿತು.

"ಬಿಡು."

ಮುಖ ಕಾಣದಿದ್ದಾಗ ಮಾತು ಸುಲಭ ಎಂದುಕೊಂಡಿದ್ದೆ. ಮೂರು ಗಾಲಿ ಮುಗಿದ ಮೇಲೆ ಬಾಯಿ ಬಿಟ್ಟೆ.

"ಅಪ್ಪಾ, ಕಾಕಾ ಹೇಳಿದ್ದು ಖರೇ ಐತಿ."

"ಒತ್ತು."

"ಒಂದ ಬಾಜೂ ಅಷ್ಟ ಹಿಡದ್ರ ಗಾಡಿ ಆ ಕಡೆ ತಿರಗತೈತಿ. ಕಾಗದದ ಮ್ಯಾಲ ಬರದು ತೋರಸ್ತೇನಿ ಬೇಕಂದ್ರ. ಇದರಾಗ ನಾ ಕುಂದ್ರೂದಿಲ್ಲ."

ಪಾನಾ ನೆಲಕ್ಕೆ ಇಟ್ಟ ಸಪ್ಪಳವಾಯಿತು. ಅಪ್ಪ ಹೊರಗೆ ತೆವಳಿ ಬಂದು ಎದ್ದು ನಿಂತ. ಅವನ ಗಡ್ಡದಿಂದ ಬ್ರೇಕ್ ಆಯಿಲ್ ತೊಟ್ಟಿಕ್ಕುತ್ತಿತ್ತು. ನನ್ನನ್ನು ನೋಡಲಿಲ್ಲ. ನನ್ನನ್ನು ದಾಟಿ ನೋಡಿದ. ಅವ್ವ ಭಾಗೀರಥಿ ಆ ಹೊತ್ತಿಗೆ ನೀರಿನ ತಂಬಿಗೆ ಹಿಡಿದು ಒಳಗೆ ಬಂದಳು, ಅಷ್ಟೇ ಅವಳು ಮಾಡಿದ್ದು. ಅಪ್ಪ ಆಯಿಲಿನ ತಗಡಿನ ಡಬ್ಬಿ ಎತ್ತಿ ಅವಳ ಹಣೆಗೆ ಹೊಡೆದ. ಅಂಚು ಕೂದಲ ಬುಡದವರೆಗೆ ಸೀಳಿತು. ಅವಳು ಕುಸಿದ ಮೇಲೆ ಜಡೆ ಹಿಡಿದು ಎತ್ತಿ ಕಪಾಳಕ್ಕೆ ಹೊಡೆದ, ಗೋಡೆಗೆ ನೂಕಿದ. ಅವ್ವ ಕೂಗಲಿಲ್ಲ. ಅವಳು ಕೂಗಿದ್ದನ್ನು ನಾನು ಕೇಳಿಯೇ ಇಲ್ಲ. ನಾನು ಸೀಟಿನಿಂದ ಇಳಿದು ಅವಳ ಹತ್ತಿರ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನು ನಾಲ್ಕನೆಯ ಗಾಲಿಯ ಬಳಿ ಮಲಗಿ ಆಗಿತ್ತು.

"ಒತ್ತು," ಎಂದ ಕೆಳಗಿನಿಂದ.

ಅವ್ವನ ಹಣೆಗೆ ಸೆರಗು ಒತ್ತಿ ಹಿಡಿದುಕೊಂಡಿದ್ದ ನನಗೆ ಆಗ ತಿಳಿಯಿತು. ನನಗೆ ಬರಬೇಕಾದ ಹೊಡೆತ ನಿಂತಿರಲಿಲ್ಲ, ಬೇರೆಯವರ ಮೈಗೆ ಹೋಗುತ್ತಿತ್ತು. ಕಾಲು ಕಳೆದುಕೊಂಡದ್ದಕ್ಕೆ ಸಿಕ್ಕ ರಿಯಾಯಿತಿ ಅದು. ನಾನು ಅದನ್ನು ಇಷ್ಟು ವರ್ಷ ಪ್ರೀತಿ ಎಂದು ತಿಳಿದುಕೊಂಡಿದ್ದೆ.

"ಹೋಗು, ಒತ್ತಿ ಬಾ," ಎಂದಳು ಅವ್ವ. "ಇಲ್ಲಿಕ್ಕಂದ್ರ ಮತ್ತ ಎದ್ದು ಬರತಾರ."

ಹೋಗಿ ಒತ್ತಿದೆ.

ಮರುದಿನ ಚಾಚಾನ ಅಂಗಡಿಗೆ ಹೋಗಿ, ಪೈಪಿನ ಮಾತು ಅಪ್ಪನಿಗೆ ನೀವೇ ಹೇಳಿರಿ ಎಂದು ಕೇಳಿದೆ. ಅಪ್ಪ ಊರಲ್ಲಿ ಯಾರ ಮಾತನ್ನಾದರೂ ಅರ್ಧ ಕೇಳುತ್ತಿದ್ದರೆ ಅದು ಅವನ ಮಾತು.

"ನಾ ಹೇಳ್ಲೇನು?" ಚಾಚಾ ಕನ್ನಡಕ ಹಣೆಗೆ ಏರಿಸಿದ. "ನನಗ ಇರೂದ ಎರಡ ಕೈ ಬೇಟಿ. ಡೀಸೆಲ್ ಪಂಪ್ ಬಿಚ್ಚಾಕ ಎರಡೂ ಬೇಕು." ಬೆರಳುಗಳನ್ನು ಚಿಂದಿಯಲ್ಲಿ ಒರೆಸಿಕೊಂಡ. "ಪೈಪಿನ ತುದಿ ಅರಳಿಸಿ ಕೊಟ್ಟಾಂವ ನಾನು. ಆವಾಗ ಕೇಳಬೇಕಿತ್ತು, ಇದು ಎಲ್ಲಿಗಿ ಹೋಗೂದು ಅಂತ. ಕೇಳ್ಲಿಲ್ಲ. ಅವನ ಕಡೆ ಯಾರೂ ಏನೂ ಕೇಳೂದಿಲ್ಲ, ಅದ ಆಗೇತಿ ನೋಡು."

"ಐತವಾರ ಜೀನಿನ ಬಯಲಿಗೆ ಬರತೀರೇನ?"

"ಬಂದು?"

"ನಿಂತಗೋರ್ರಿ, ಸಾಕು."

ಊರ ಹೊರಗೆ ಮುಚ್ಚಿಹೋದ ಹತ್ತಿ ಜೀನಿನ ಹಿಂದೆ ಗಟ್ಟಿ ನೆಲದ ದೊಡ್ಡ ಬಯಲಿದೆ. ಭಾನುವಾರ ಬೆಳಿಗ್ಗೆ ಪೂಜೆ ಮಾಡಿ ಓಡಿಸಿ ನೋಡಲು ಅಪ್ಪ ಕಾರನ್ನು ಅಲ್ಲಿಗೆ ತಂದು ನಿಲ್ಲಿಸಿದ. ಅವ್ವ ಹಣೆಗೆ ಪಟ್ಟಿ ಕಟ್ಟಿಕೊಂಡೇ ಬಂದು ಕುಂಕುಮ ಹಚ್ಚಿದಳು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಚಾಚಾ ದೂರದಲ್ಲಿ ಬೇಲಿಯ ಕಲ್ಲಿಗೆ ಒರಗಿ ನಿಂತಿದ್ದ. ಅಪ್ಪ ಕಾಯಿ ಒಡೆಯಲು ತಿರುಗಿದಾಗ ನಾನು ಮುಂದಿನ ಎಡಗಾಲಿಯ ಬಳಿ ಕೂತು, ಎಲ್ಲರಿಗೂ ಕಾಣುವಂತೆ, ಪಾನಾ ಹಚ್ಚಿ ನಿಪ್ಪಲ್ ಬಿಚ್ಚಿ ತೆಗೆದೆ. ಎದ್ದು ಸೀಟಿನಲ್ಲಿ ಕುಳಿತು ಪೆಡಲನ್ನು ಮತ್ತೆ ಮತ್ತೆ ತುಳಿದೆ. ಎಡಗಡೆಯ ಆಯಿಲ್ ನೆಲದ ಮೇಲೆ ಚಿಮ್ಮಿ ಹರಿಯಿತು.

"ಏನ ಮಾಡಾಕ ಹತ್ತಿ?"

"ಎಡದ ಪೈಪ್ ಒಡೀತು ಅಂತ ತಿಳಿ ಅಪ್ಪಾ. ಬಲದ್ದು ಹಿಡೀತೈತಿ ಅಂತ ನಿನ್ನ ಲೆಕ್ಕ. ಓಡಿಸಿ ನೋಡತೇನಿ."

"ಇಳಿ."

"ಇಳಿಯಂಗಿಲ್ಲ. ಇವತ್ತ ಒಡದರೇನು, ಮುಂದಿನ ವರ್ಷ ಕಿತ್ತೂರ ರೋಡಿನಾಗ ಒಡದರೇನು."

ಅಪ್ಪ ನನ್ನನ್ನು ಮಗುವಿನಂತೆ ತೋಳಿನಲ್ಲಿ ಎತ್ತಿ ನೆಲದ ಮೇಲೆ ಕೂರಿಸಿದ. ನನ್ನ ಮುಖಕ್ಕೆ ಬೆರಳು ಮಾಡಿ, "ಇಲ್ಲೇ ಕುಂತ ನೋಡು," ಎಂದ. ತಾನೇ ಸೀಟಿನಲ್ಲಿ ಕುಳಿತ. ಅವನು ಹಾಗೆ ಮಾಡುತ್ತಾನೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೋಗಿದ್ದೆ.

ಕಾರು ನಿಂಬೆಹಣ್ಣು ಜಜ್ಜಿ ಹೊರಟಿತು. ಬಯಲಿನ ಆಚೆ ತುದಿಯವರೆಗೆ ಹೋಗಿ ತಿರುಗಿ, ನಮ್ಮ ಕಡೆಗೆ ಮುಖ ಮಾಡಿ ವೇಗ ಹೆಚ್ಚಿಸಿತು. ಅವನು ಹೆದರುವ ಮನುಷ್ಯನಲ್ಲ, ಅರ್ಧ ವೇಗದಲ್ಲಿ ತೋರಿಸಿ ಮುಗಿಸುವವನೂ ಅಲ್ಲ. ನಮಗೆ ಅವನ ಹಲ್ಲು ಕಾಣುವಷ್ಟು ಹತ್ತಿರ ಬಂದಾಗ ಪೆಡಲ್ ತುಳಿದ. ಬಲಗಡೆಯ ಎರಡು ಗಾಲಿ ನೆಲಕ್ಕೆ ಕಚ್ಚಿದವು, ಎಡಗಡೆಯವು ಓಡಿದವು. ಯಾರೋ ಮೂಗುದಾರ ಹಿಡಿದು ಜಗ್ಗಿದಂತೆ ಕಾರಿನ ಮೂತಿ ಬಲಕ್ಕೆ ಹೊರಳಿತು. ಅದು ಅಡ್ಡ ತಿರುಗಿ, ಅಡ್ಡವಾಗಿಯೇ ಜಾರುತ್ತ ಬಂದು, ಒಂದು ಗಾಲಿ ಹಳೆಯ ಮೋರಿಯ ಅಂಚಿಗೆ ಸಿಕ್ಕಿ ಮಗುಚಿತು. ಮತ್ತೊಮ್ಮೆ ಮಗುಚಿ ಜೀನಿನ ಗೋಡೆಗೆ ಬಡಿದು, ಗಾಲಿಗಳನ್ನು ಮೇಲೆ ಮಾಡಿ ಬಿತ್ತು. ಇಂಜಿನ್ನು ಆಮೇಲೂ ಸ್ವಲ್ಪ ಹೊತ್ತು ಕೂಗುತ್ತಿತ್ತು.

ಚಾಚಾ, ಅವ್ವ, ನಾನು ಮೂವರೂ ಸೇರಿ ಚೌಕಟ್ಟು ಎತ್ತಿದೆವು. ಅಪ್ಪನ ಮುಖದ ಒಂದು ಬದಿಯ ಚರ್ಮ ನೆಲದ ಮೇಲೆ ಉಳಿದಿತ್ತು. ಬಲಗಡೆ ಕತ್ತಿನ ಕೆಳಗಿನ ಎಲುಬು ಮುರಿದು ಚರ್ಮವನ್ನು ಒಳಗಿನಿಂದ ಎತ್ತಿ ನಿಂತಿತ್ತು. ಕಿವಿಯಿಂದ ರಕ್ತ ಬರುತ್ತಿತ್ತು. ಮಲಗಿರು ಎಂದು ಚಾಚಾ ಹೇಳುತ್ತಿದ್ದಂತೆ ಅವನು ಎದ್ದು ನಿಂತ. ಸುತ್ತ ನೋಡಿದ. ಆ ನೋಟ ನನಗೆ ಗೊತ್ತು, ಯಾರು ಹತ್ತಿರ ಇದ್ದಾರೆ ಎಂದು ಹುಡುಕುವ ನೋಟ. ಕಿತ್ತುಹೋದ ಚೌಕಟ್ಟಿನ ಒಂದು ತುಂಡು ಎಡಗೈಗೆ ಎತ್ತಿಕೊಂಡ. ಹತ್ತಿರ ಇದ್ದವಳು ಅವ್ವ. ಅವಳು ಓಡಲಿಲ್ಲ. ಪಟ್ಟಿ ಕಟ್ಟಿದ ಹಣೆಯ ಮೇಲೆ ಎರಡೂ ಅಂಗೈ ಇಟ್ಟುಕೊಂಡು ಕಣ್ಣು ಮುಚ್ಚಿದಳು, ಬಿಸಿಲು ಜಾಸ್ತಿಯಾಯಿತು ಎನ್ನುವವರ ಹಾಗೆ.

ನಾನು ನಡುವೆ ಹೋಗಿ ನಿಂತೆ.

"ಅಕೀನ ಯಾಕ ಹೊಡೀತಿ? ನಿಪ್ಪಲ್ ಬಿಚ್ಚಿದಾಕಿ ನಾನು."

ಅವನು ಎಡಕ್ಕೆ ಸರಿದ. ನಾನೂ ಸರಿದೆ.

"ನನ್ನ ಹೊಡಿ."

"ಸರಿ ಅತ್ತಾಗ."

"ಟ್ರೇಲರ್ ಮಾಡಿದಾಂವ ನೀನು," ಎಂದೆ. "ಬ್ರೇಕ್ ಇಲ್ಲದ ಟ್ರೇಲರ್. ನನ್ನ ಮ್ಯಾಲ ಬಿದ್ದದ್ದು. ಹೆಸರ ನಾ ಓದೇನಿ, ಅದರ ಬುಡಕ ಬಿದ್ದಾಗ."

ಕಬ್ಬಿಣ ನನ್ನ ದವಡೆಗೆ ಬಡಿಯಿತು. ನೋವು ಆಮೇಲೆ ಬಂತು. ಮೊದಲು ಬಂದದ್ದು ಬಾಯಿಯಲ್ಲಿ ಸಡಿಲಾದ ಹಲ್ಲು ನಾಲಿಗೆಗೆ ತಾಗಿದ ಅನುಭವ. ಬೀಳುವಾಗ ಕೃತಕ ಕಾಲು ಕಳಚಿ ಬೇರೆ ಕಡೆ ಬಿತ್ತು. ನಾನು ಆಕಾಶ ನೋಡುತ್ತ ಮಲಗಿದ್ದೆ. ಇನ್ನೊಂದು ಹೊಡೆತಕ್ಕೆ ಕಾಯುತ್ತಿದ್ದೆ. ಅದು ಬರಲಿಲ್ಲ. ಅಪ್ಪ ನೆಲಕ್ಕೆ ಕುಳಿತ ಸಪ್ಪಳ ಕೇಳಿಸಿತು, ಚೀಲ ಇಳಿಸಿದಂತೆ. ಚಾಚಾ ನನ್ನ ಕಾಲು ಎತ್ತಿ ತಂದು, ಅದರ ಧೂಳು ತನ್ನ ಅಂಗಿಯಿಂದ ಒರೆಸಿ, ಪಕ್ಕದಲ್ಲಿಟ್ಟ.

ದವಾಖಾನೆಯಲ್ಲಿ ನನ್ನನ್ನು ಕೇಳಿದರು. ಬಿದ್ದೆ ಎಂದು ನಾನು ಹೇಳಲಿಲ್ಲ. ಅಪ್ಪ ಹೊಡೆದ ಎಂದೆ. ನರ್ಸು ಅಪ್ಪನ ಕಡೆ ನೋಡಿದಳು; ಅವನು ಪಕ್ಕದ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ.

ಕಾರಿನ ಚೌಕಟ್ಟನ್ನು ಚಾಚಾನ ಅಂಗಡಿಯವರು ನೆಟ್ಟಗೆ ಮಾಡಿಕೊಟ್ಟರು. ಅಪ್ಪನ ಬಲಗೈ ಎದೆಗೆ ಕಟ್ಟಿತ್ತು, ಅವನು ಶೆಡ್ಡಿನಲ್ಲಿ ಹೊರಸಿನ ಮೇಲೆ ಕುಳಿತಿರುತ್ತಿದ್ದ. ನಾನು ಹ್ಯಾಕ್ಸಾ ತೆಗೆದುಕೊಂಡು ಎಡದ ಪೈಪು, ಬಲದ ಪೈಪು ಎರಡನ್ನೂ ಅವನ ಎದುರಿಗೇ ಕೊಯ್ದು ತೆಗೆದೆ. ಅವನು ನೋಡಿದ. ಹೊಸ ಪೈಪು ತರಿಸಿ ಬೆಂಚಿನ ಗಾಲಿಗೆ ಹಚ್ಚಿ ಹಿಡಿಕೆ ಎಳೆದೆ, ಮಡಚಿತು. ಎಸೆದೆ. ಇನ್ನೊಂದು ಹಚ್ಚಿದೆ, ಅದೂ ಮಡಚಿತು. ದವಡೆ ಕಟ್ಟಿದ್ದರಿಂದ ನನಗೆ ಬೈದುಕೊಳ್ಳಲೂ ಆಗುತ್ತಿರಲಿಲ್ಲ. ಮೂರನೆಯದನ್ನು ಕೈಗೆ ತೆಗೆದುಕೊಂಡಾಗ ಹಿಂದಿನಿಂದ ಏನೋ ಬಂದು ಬೆನ್ನಿಗೆ ತಾಗಿತು. ಬೆಚ್ಚಿ ತಿರುಗಿದೆ. ತಂತಿ. ಎಡಗೈಯೊಂದರಿಂದಲೇ ಬಗ್ಗಿಸಿದ ಅಚ್ಚು. ಮಾಸ್ಟರ್ ಸಿಲಿಂಡರಿನ ಒಂದು ಬಾಯಿಂದ ಮುಂದಿನ ಎರಡು ಗಾಲಿಗೆ ಕವಲೊಡೆಯುವ ದಾರಿ. ಅವನು ಅಷ್ಟರಲ್ಲಿ ಇನ್ನೊಂದು ತಂತಿ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಗಾಲಿಗಳ ಅಚ್ಚು ತೆಗೆಯುತ್ತಿದ್ದ.

"ಸಾವಕಾಶ ಎಳಿ," ಎಂದ. ಅಷ್ಟೇ.

ಹಾಗೆ ಪೈಪು ಸರಿಯಾಯಿತು. ಗೌರೀಶ ಕಾಕಾ ನೋಡಲು ಬರಲಿಲ್ಲ. ಅಣ್ಣನ ಮನೆಯ ಮೆಟ್ಟಿಲು ಮತ್ತೆ ತುಳಿಯುವುದಿಲ್ಲ ಎಂದು ಹೇಳಿ ಕಳಿಸಿದ. ನಾನು ಜೀನಿನ ಬಯಲಿನಲ್ಲಿ ಹಿಂದಿನ ಗಾಲಿಗಳ ಪೈಪು ಬಿಚ್ಚಿ ಓಡಿಸಿ ನೋಡಿದೆ, ಆಮೇಲೆ ಮುಂದಿನದು ಬಿಚ್ಚಿ ಓಡಿಸಿ ನೋಡಿದೆ. ಎರಡೂ ಸಲ ಕಾರು ದೂರ ಜಾರಿದರೂ ನೆಟ್ಟಗೆ ನಿಂತಿತು. ಅಪ್ಪನ ಎಲುಬು ಕೂಡಿತು. ಪಟ್ಟಿ ಬಿಚ್ಚಿದ ದಿನ ಸಂಜೆ ರೊಟ್ಟಿ ಸುಟ್ಟಿತೆಂದು ಅವನು ಅವ್ವನ ಕೈಯನ್ನು ಕಾದ ಹಂಚಿಗೆ ಒತ್ತಿ ಹಿಡಿದ.

ಅವ್ವನ ಬೆರಳುಗಳಿಗೆ ಎಣ್ಣೆ ಹಚ್ಚುತ್ತ ನಾನು ಕೇಳಿದೆ, "ಕಿತ್ತೂರಾಗ ಒಂದ ಖೋಲಿ ಹಿಡದೇನಿ. ಬರತೀಯೇನು?"

ಬೆಳಿಗ್ಗೆ ನೋಡಿದರೆ ಎರಡು ಸೀರೆ, ಒಂದು ತಂಬಿಗೆ ಗಂಟು ಕಟ್ಟಿಕೊಂಡು ಕಾರಿನ ಪಕ್ಕದ ಸೀಟಿನಲ್ಲಿ ಕುಳಿತಿದ್ದಳು.

ನಾವು ಶೆಡ್ಡಿನ ಮುಂದಿನ ಇಳಿಜಾರು ಇಳಿದು ರಸ್ತೆಗೆ ಬೀಳುವಾಗ ಅಪ್ಪ ಗೋಡೆಯ ಮರೆಯಿಂದ ಬಂದು ನಡುದಾರಿಯಲ್ಲಿ ನಿಂತ. ಕೈಯಲ್ಲಿ ಜಾಕಿನ ರಾಡು. ಬಿಸಿಲು ಅವನ ಮುಖದ ಹೊಸ ಚರ್ಮದ ಮೇಲೆ ಬಿದ್ದಿತ್ತು. ಅವನು ಸರಿಯುತ್ತಾನೆಂದು ನಾನು ಒಂದು ಕ್ಷಣ ಕಾದೆ. ಅವನು ಸರಿಯುವುದಿಲ್ಲ. ಬಲಗಾಲಿನಲ್ಲಿದ್ದ ಶಕ್ತಿಯೆಲ್ಲ ಹಾಕಿ ತುಳಿದೆ. ನಾಲ್ಕು ಗಾಲಿಯೂ ಒಟ್ಟಿಗೆ ಹಿಡಿದವು. ಅವ್ವನ ಹಣೆ ಮುಂದಿನ ಹಲಗೆಗೆ ತಾಗಿತು. ಕಾರು ಅವನ ಮೊಳಕಾಲಿಗೆ ಒಂದು ಗೇಣು ಬಿಟ್ಟು ನಿಂತಿತು.

ಅವನು ರಾಡು ಎತ್ತಿ ಬಾನೆಟ್ಟಿಗೆ ಹೊಡೆದ. ತಗಡು ಒಳಗೆ ಕುಸಿಯಿತು. ಒಂದು ದೀಪ ಒಡೆದ, ಇನ್ನೊಂದು ಒಡೆದ. ಪಕ್ಕಕ್ಕೆ ಬಂದು ನನ್ನ ಕಿವಿಯ ಹತ್ತಿರದ ಕನ್ನಡಿ ಚೂರು ಮಾಡಿದ. ಗಾಜು ನನ್ನ ತೋಳಿಗೆ ಸಿಡಿಯಿತು. ಎದುರು ಅಂಗಡಿಯಲ್ಲಿ ಚಾಚಾ ಎದ್ದು ನಿಂತ. ನಾನು ಪೆಡಲ್ ಬಿಡಲಿಲ್ಲ, ಇಂಜಿನ್ನೂ ಬಂದ್ ಮಾಡಲಿಲ್ಲ. ಅಪ್ಪ ಮತ್ತೆ ಮುಂದೆ ಹೋಗಿ ಬಾನೆಟ್ಟಿಗೆ ಹೊಡೆಯತೊಡಗಿದ. ಕೂಡಿದ ಎಲುಬು ಇನ್ನೂ ಗಟ್ಟಿಯಾಗಿರಲಿಲ್ಲ. ಪ್ರತಿ ಹೊಡೆತಕ್ಕೂ ಅವನ ಬಾಯಿಂದ ಸಣ್ಣ ನರಳಾಟ ಬರುತ್ತಿತ್ತು.

"ಹೊಡಕೋರ್ರಿ," ಎಂದಳು ಅವ್ವ. ದನಿ ಏರಿಸಲಿಲ್ಲ, ಊಟಕ್ಕೆ ಏಳಿ ಎಂದು ಹೇಳುವ ಹಾಗೆಯೇ ಇತ್ತು. "ಮುಗದ ಮ್ಯಾಲ ಹೇಳ್ರಿ. ನಾವು ಹೋಗತೇವಿ."

ಅಪ್ಪ ಅವಳನ್ನು ನೋಡಿದ. ರಾಡನ್ನು ಇನ್ನೊಮ್ಮೆ ಎತ್ತಿದ, ಅರ್ಧಕ್ಕೆ ಎತ್ತಿದ ಕೈ ಅಲ್ಲೇ ನಿಂತು ಕೆಳಗೆ ಬಿತ್ತು. ಆಮೇಲೆ ಎಡಗೈಯಿಂದ ಬಲ ಹೆಗಲು ಹಿಡಿದುಕೊಂಡು, ಬಾಯಿ ತೆರೆದು ಉಸಿರಾಡುತ್ತ, ಅಲ್ಲೇ ನಿಂತ. ದಾರಿ ಬಿಡಲಿಲ್ಲ. ನಾನು ಕ್ಲಚ್ ಹಿಡಿದು ಗೇರು ಬದಲಿಸಿ ಕಾರನ್ನು ಸ್ವಲ್ಪ ಹಿಂದೆ ತೆಗೆದೆ. ಸ್ಟೇರಿಂಗ್ ತಿರುಗಿಸಿ, ಅವನನ್ನು ಬಳಸಿಕೊಂಡು, ರಸ್ತೆಯಂಚಿನ ಜಲ್ಲಿಯ ಮೇಲೆ ಗಾಲಿ ಏರಿಸಿ ಮುಂದೆ ಹೋದೆ. ಹೋಗುವಾಗ ಅವನ ಅಂಗಿಯ ತೋಳು ನನ್ನ ಮೊಳಕೈಯನ್ನು ಸವರಿತು.

ಕನ್ನಡಿ ಇರಲಿಲ್ಲವಾದ್ದರಿಂದ ಅವನು ಎಷ್ಟು ಹೊತ್ತು ಹಾಗೆ ನಿಂತಿದ್ದ ಎಂದು ನನಗೆ ಗೊತ್ತಿಲ್ಲ. ಅವ್ವ ಹಿಂದೆ ತಿರುಗಿ ನೋಡಬಹುದಿತ್ತು. ಅವಳು ಸುಟ್ಟ ಬೆರಳುಗಳಿಂದ ನನ್ನ ತೋಳಿನ ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸಿ ರಸ್ತೆಗೆ ಎಸೆಯುತ್ತಿದ್ದಳು.